ಎರಡು ತುಂಡಿನ ಕೋಲು

ನಮ್ಮ ಭಾವ ಮೀನು ತಿನ್ನುವುದಿಲ್ಲ. ತಿನ್ನುವುದು ಹಾಗಿರಲಿ, ಪಕ್ಕದ ಮನೆಯಲ್ಲಿ ಮೀನು ಹುರಿದರೆ ಇವರು ನಮ್ಮ ಮನೆಯ ಕಿಟಕಿ ಮುಚ್ಚುತ್ತಾರೆ. ಇಂಥವರು ಅರ್ಧ ಆಯುಷ್ಯವನ್ನು ಮೀನು ಹಿಡಿಯುವ ಕೋಲಿಗೆ ಸುರಿದರು ಎಂದರೆ ಯಾರು ನಂಬುತ್ತಾರೆ? ಅಪರೂಪಕ್ಕೆ ಮೀನು ಸಿಕ್ಕರೂ ವಾಪಸ್ಸು ನೀರಿಗೇ ಬಿಡುವರು. "ಹಾಗಿದ್ಮೇಲೆ ಅದನ್ನ ಹಿಡಿಯೋದ್ಯಾಕೆ ಭಾವ, ಅದರ ಪಾಡಿಗೆ ಅದಿತ್ತಲ್ಲ?" ಎಂದು ನಾನು ಕೇಳಿದರೆ, "ನಿಂಗೆ ಅರ್ಥ ಆಗಲ್ಲ ಬಿಡು" ಎನ್ನುವರು. ನನಗೆ ಅರ್ಥವಾಗದ ವಿಷಯಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಆದರೆ ಇದರಲ್ಲಿ ಅರ್ಥವಾಗುವಂಥದ್ದು ಏನಾದರೂ ಇತ್ತೇ ಎಂಬುದೇ ನನ್ನ ಅನುಮಾನ.

ಭಾವನದು ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ. ಮದುವೆ ಫೋಟೋ, ತೀರಿಕೊಂಡವರ ಫೋಟೋ, ಮಕ್ಕಳ ಸರ್ಟಿಫಿಕೇಟು, ಯಾವುದು ಬಂದರೂ ಕಟ್ಟು ಹಾಕಿ ಗಾಜು ಕೂರಿಸಿ ಕೊಡುತ್ತಾರೆ. ಅದೇ ಕಟ್ಟಡದ ಮಹಡಿಯ ಮೇಲೆ ನನ್ನ ಹೊಲಿಗೆ ಅಂಗಡಿ. ನಡುವೆ ಇರುವುದು ಹಲಗೆಯ ನೆಲ. ಕೆಳಗೆ ಅವರು ಸೀನಿದರೆ ಮೇಲೆ ನನ್ನ ಸೂಜಿ ಅಲ್ಲಾಡುತ್ತದೆ. ಹಾಗಾಗಿ ಅವರ ವಿಷಯ ನಾನು ಹೇಳಿದರೆ ಅದು ಊರ ಬಾಯಿಂದ ಬಂದ ಮಾತಲ್ಲ, ನನ್ನ ಕಿವಿಯೇ ಸಾಕ್ಷಿ. ಗಾಜು ಕತ್ತರಿಸುವ ಕೀರಲು ಸದ್ದು ಬಂದರೆ ಹೊಟ್ಟೆಪಾಡಿನ ಕೆಲಸ ನಡೆದಿದೆ ಎಂದರ್ಥ. ಸರ್ರನೆ ಕೀಸುಳಿ ಎಳೆಯುವ ಸದ್ದು ಬಂದರೆ ಕೋಲಿನ ಕೆಲಸ. ಆಗ ಎಂಥ ಗಿರಾಕಿ ಬಂದರೂ "ನಾಳೆ ಬನ್ನಿ" ಎಂಬ ಒಂದೇ ಉತ್ತರ.

ಕೋಲು ಎಂದರೆ ಅಟ್ಟದಿಂದ ಎಳೆದ ಬಿದಿರಿನ ಗಳ ಅಂದುಕೊಳ್ಳಬೇಡಿ. ಬಿದಿರನ್ನು ಉದ್ದಕ್ಕೆ ಸೀಳಿ, ಒಂದೊಂದು ಸೀಳನ್ನೂ ಮೂರು ಮೂಲೆ ಬರುವ ಹಾಗೆ ಕೀಸುಳಿಯಿಂದ ಹೆರೆದು, ಅಂಥ ಆರು ಸೀಳುಗಳನ್ನು ಸೇರಿಸಿ ಅಂಟಿಸಿ, ದಾರ ಬಿಗಿದು ಒಣಗಿಸಿದರೆ ಆರು ಮುಖದ ಒಂದು ಕೋಲಾಗುತ್ತದೆ. ಬುಡದಲ್ಲಿ ಕಿರುಬೆರಳಿನ ದಪ್ಪ, ತುದಿಯಲ್ಲಿ ಬೆಂಕಿಕಡ್ಡಿ. ಇದಕ್ಕೆ ಹುಳು ಸಿಕ್ಕಿಸುವುದೂ ಇಲ್ಲ. ಗರಿ ಮತ್ತು ನೂಲಿನಿಂದ ಕಟ್ಟಿದ ಸುಳ್ಳು ನೊಣವೊಂದನ್ನು ದಾರದ ತುದಿಗೆ ಕಟ್ಟಿ, ಕೋಲನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ನೊಣ ತಾನಾಗಿಯೇ ಹಾರಿ ಬಂದು ನೀರಿನ ಮೇಲೆ ಕೂತ ಹಾಗೆ ಇಳಿಸಬೇಕು. ಕಾರ್ಖಾನೆಯ ಕೋಲುಗಳು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಆದರೂ ಬಿದಿರಿನದೇ ಆಗಬೇಕು ಎನ್ನುವ ಹುಚ್ಚರು ಊರಿಗೆ ಬೆರಳೆಣಿಕೆಯಷ್ಟು ಜನ ಇರುತ್ತಾರಂತೆ. ನಮ್ಮ ಊರಿನ ಬೆರಳುಗಳಲ್ಲಿ ಹೆಬ್ಬೆರಳು ನಮ್ಮ ಭಾವ.

ಅಕ್ಕ ಆ ಕೋಲುಗಳನ್ನು "ನನ್ನ ಸವತಿಯರು" ಎನ್ನುತ್ತಿದ್ದಳು. ಮಲಗುವ ಕೋಣೆಯ ಬಾಗಿಲ ಹಿಂದೆ ನೇತುಹಾಕಿದ್ದ ಕೋಲಿಗೆ ಎಷ್ಟೋ ಸಲ ಅವಳ ಸೀರೆ ಸಿಕ್ಕಿಕೊಂಡಿದೆ. "ಹರಿದ್ರೆ ನನ್ನ ಸೀರೆ ಹರೀಲಿ, ನಿಮ್ಮ ಕೋಲಿಗೇನೂ ಆಗಬಾರದು, ಅಲ್ವಾ?" ಎಂದು ಅವಳು ಕೂಗಿದರೆ, ಭಾವ ನಿಜಕ್ಕೂ ಕೋಲನ್ನೇ ಮೊದಲು ನೋಡುವರು. ಕೋಲಿಗೆ ಸುತ್ತುವ ರೇಷ್ಮೆ ದಾರ ನನ್ನ ಅಂಗಡಿಯದು. ಬೀದಿಯ ಯಾವ ಗಿರಾಕಿಯೂ ನನ್ನ ದಾರದ ಬಣ್ಣವನ್ನು ಇವರಷ್ಟು ಬೆಳಕಿಗೆ ಹಿಡಿದು ನೋಡಿದ್ದಿಲ್ಲ.

ಈಗ ವಾಚಣ್ಣನ ವಿಷಯಕ್ಕೆ ಬರುತ್ತೇನೆ. ವಾಚಣ್ಣ ಎಂದರೆ ಭಾವನ ಅಂಗಡಿಗೆ ಅಂಟಿಕೊಂಡೇ ಇದ್ದ ಗೂಡಿನಂಥ ಅಂಗಡಿಯಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಮಿತಭಾಷಿ. ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುತ್ತಿದ್ದರು. ಮಾತಾಡುವಾಗಲೂ ತೆಗೆಯುತ್ತಿರಲಿಲ್ಲವಾದ್ದರಿಂದ ನಮ್ಮ ಮುಖದ ಒಳಗಿನ ಚಕ್ರಗಳನ್ನು ನೋಡುತ್ತಿದ್ದಾರೇನೋ ಅನ್ನಿಸುತ್ತಿತ್ತು. ಭಾವನ ಮೂಗಿನ ತುದಿಯಲ್ಲಿ ಕೋಪ, ಇವರಿಗೆ ಎಲ್ಲಿಯೂ ಇಲ್ಲ. ಇಬ್ಬರಿಗೂ ಹೇಗೆ ಕೂಡಿತೋ, ಆದರೆ ಕೂಡಿತು. ಮಧ್ಯಾಹ್ನದ ಚಹಾ ಒಬ್ಬರನ್ನು ಬಿಟ್ಟು ಒಬ್ಬರು ಕುಡಿದದ್ದು ನಾನು ಕಾಣೆ.

ಇಷ್ಟುದ್ದದ ಕೋಲನ್ನು ಹೊತ್ತು ತಿರುಗಲಾಗದು ಎಂದು ಅದನ್ನು ಎರಡು ತುಂಡಾಗಿ ಮಾಡುತ್ತಾರೆ, ಬುಡದ ತುಂಡು ಮತ್ತು ತುದಿಯ ತುಂಡು. ಬುಡದ ತುಂಡಿನ ತಲೆಗೆ ಒಂದು ಹಿತ್ತಾಳೆಯ ಕೊಳವೆ, ತುದಿಯ ತುಂಡಿನ ಕಾಲಿಗೆ ಅದರೊಳಗೆ ಕೂರುವ ಹಿತ್ತಾಳೆಯ ಬಿರಡೆ. ಭಾವ ಬಿದಿರನ್ನು ಎಷ್ಟು ಚೆನ್ನಾಗಿ ಹೆರೆದರೂ ಈ ಜಾಯಿಂಟ್ ಮಾತ್ರ ಅವರ ಕೈಗೆ ಒಗ್ಗಲಿಲ್ಲ. ಅದನ್ನು ವಾಚಣ್ಣ ತಮ್ಮ ಪುಟ್ಟ ಲೇತ್ ಯಂತ್ರದ ಮೇಲೆ ತಿರುಗಿಸಿ ಮಾಡಿಕೊಟ್ಟರು. ಹಾಗೆ ಇಬ್ಬರೂ ಸೇರಿ ಮಾಡಿದ ಮೊದಲ ಕೋಲನ್ನು ನನಗೂ ತೋರಿಸಿದರು. ವಾಚಣ್ಣ ಎರಡು ತುಂಡುಗಳನ್ನು ನಿಧಾನವಾಗಿ ಸೇರಿಸಿದರು. ಆಮೇಲೆ ಹಿಡಿದು ಎಳೆದರು. ಟಪ್ ಎಂದಿತು, ಗಾಳಿಯೂ ನುಸುಳದಂಥ ಶೀಸೆಯ ಮುಚ್ಚಳ ತೆಗೆದ ಹಾಗೆ. ಭಾವನ ಮುಖ ನೋಡಬೇಕಿತ್ತು. ಅಕ್ಕ ಹೆತ್ತಾಗಲೂ ಆ ಮುಖ ಅಷ್ಟು ಅರಳಿರಲಿಲ್ಲ ಎಂದು ನಾನು ಹೇಳಿದರೆ ಅಕ್ಕನಿಗೆ ಬೇಜಾರಾಗುತ್ತದೆ, ಆದ್ದರಿಂದ ಹೇಳುವುದಿಲ್ಲ.

ಆ ಕೋಲು ಆದ ಮೇಲೆಯೇ ಕೂಟ ಶುರುವಾದದ್ದು. ಬಿದಿರು ಕೋಲಿನ ಹುಚ್ಚಿರುವವರೆಲ್ಲ ವರ್ಷಕ್ಕೊಂದು ಭಾನುವಾರ ಕೆರೆಯ ಪಕ್ಕದ ಹುಲ್ಲಿನ ಮೇಲೆ ಸೇರುವುದು. ಅಧ್ಯಕ್ಷರಿಲ್ಲ, ಭಾಷಣವಿಲ್ಲ, ಸದಸ್ಯತ್ವವಿಲ್ಲ. ಚಹಾ, ಬನ್ನು, ಬೇಯಿಸಿದ ಮೊಟ್ಟೆ ನಮ್ಮ ಮನೆಯಿಂದ. ಹಲ್ಲಿನ ಡಾಕ್ಟರು ಬರುತ್ತಿದ್ದರು, ಕಾರು ಕಲಿಸುವ ಡ್ರೈವಿಂಗ್ ಮೇಡಂ ಬರುತ್ತಿದ್ದರು, ಹೊರಗಿನ ಊರುಗಳಿಂದಲೂ ಕೆಲವರು. ಕೆರೆ ಪಕ್ಕದಲ್ಲೇ ಇದ್ದರೂ ಯಾರೂ ಮೀನು ಹಿಡಿಯುತ್ತಿರಲಿಲ್ಲ. ದಾರದ ತುದಿಗೆ ಕೊಕ್ಕೆಯ ಬದಲು ಉಣ್ಣೆಯ ಚೂರು ಕಟ್ಟಿ ಹುಲ್ಲಿನ ಮೇಲೆ ಬೀಸಿ ಬೀಸಿ, ಆಹಾ ಎನ್ನುವುದು. "ನೀರಿಲ್ಲ, ಮೀನಿಲ್ಲ, ಕೊಕ್ಕೆಯಿಲ್ಲ. ಕೂಸು ಹುಟ್ಟೋ ಮೊದಲೇ ಕುಲಾವಿ ಅಂತಾರಲ್ಲ, ಇಲ್ಲಿ ಕೂಸು ಬೇಕಾಗೇ ಇಲ್ಲ, ಬರೀ ಕುಲಾವಿ" ಎಂದು ನಾನು ಚಹಾ ಬಗ್ಗಿಸುತ್ತ ಹೇಳಿದರೆ ಎಲ್ಲರಿಗಿಂತ ಜೋರಾಗಿ ಭಾವನೇ ನಗುತ್ತಿದ್ದರು. ಆಗ ಅವರು ನಗುತ್ತಿದ್ದರು.

ಕೂಟಕ್ಕೆ ಇದ್ದದ್ದು ಒಂದೇ ಕಟ್ಟಳೆ. ತಂದ ಕೋಲನ್ನು ಉದ್ದನೆಯ ಬೆಂಚಿನ ಮೇಲೆ ಇಡಬೇಕು. ಬೆಂಚಿನ ಮೇಲಿಟ್ಟ ಕೋಲು ಎಲ್ಲರದೂ. ಯಾರು ಬೇಕಾದರೂ, ಯಾರನ್ನೂ ಕೇಳದೆ, ಯಾವ ಕೋಲನ್ನಾದರೂ ಎತ್ತಿಕೊಂಡು ಬೀಸಬಹುದು. ಕೊಡಲು ಮನಸ್ಸಿಲ್ಲದವನು ಬೆಂಚಿನ ಮೇಲೆ ಇಡಬಾರದು. ಈ ಕಟ್ಟಳೆ ಮಾಡಿದ್ದು ಬೇರೆ ಯಾರೂ ಅಲ್ಲ, ನಮ್ಮ ಭಾವನೇ. "ಕೋಲನ್ನ ಮುಚ್ಚಿಟ್ಟರೆ ಅದು ಕೋಲಲ್ಲ, ಕಟ್ಟಿಗೆ" ಎಂದು ದೊಡ್ಡದಾಗಿ ಹೇಳಿದ್ದರು.

ಹೇಳುವಾಗ ಬೆಂಚಿನ ಮೇಲೆ ಇದ್ದದ್ದು ಬೇರೆಯವರ ಕೋಲುಗಳು. ಇಬ್ಬರೂ ಸೇರಿ ಮಾಡಿದ ಆ ಕೋಲನ್ನು ಭಾವ ಪ್ರತಿ ಸಲವೂ ತಮ್ಮ ಕೈಯಲ್ಲೇ ಹಿಡಿದಿರುತ್ತಿದ್ದರು. ಒಂದು ವರ್ಷ ಚಹಾಕ್ಕೆ ಸಕ್ಕರೆ ಮುಗಿದು ತರಲು ಭಾವ ಅತ್ತ ಹೋದಾಗ, ವಾಚಣ್ಣ ಅದನ್ನು ಬೆಂಚಿನ ಮೇಲೆ ಇಟ್ಟರು. ಇಡಬೇಕಾದದ್ದೇ ಅಲ್ಲವೇ? ಹೊರಗಿನ ಊರಿಂದ ಬಂದಿದ್ದ ಪೈಲ್ವಾನನಂಥ ಒಬ್ಬ ಮನುಷ್ಯ ಅದನ್ನೆತ್ತಿಕೊಂಡು, ಹಾವು ಹೊಡೆಯುವವನ ಹಾಗೆ ಬೀಸಿದ. ಉಣ್ಣೆ ಹಿಂದಿನ ಪೊದೆಗೆ ಸಿಕ್ಕಿತು. ಬಿಡಿಸದೆ ಎಳೆದ. ಕೋಲಿನ ತುದಿ ಬಿಲ್ಲಾಗಿ ಬಗ್ಗಿತು, ಬಿಟ್ಟ ಮೇಲೂ ಪೂರ್ತಿ ನೆಟ್ಟಗಾಗಲಿಲ್ಲ. ಭಾವ ಸಕ್ಕರೆ ಡಬ್ಬಿ ಹಿಡಿದು ವಾಪಸ್ಸು ಬಂದದ್ದು ಸರಿಯಾಗಿ ಆಗಲೇ.

ಆ ಪೈಲ್ವಾನನಿಗೆ ಒಂದು ಮಾತೂ ಅನ್ನಲಿಲ್ಲ. ಅಲ್ಲೇ ನೋಡಿ ಮನುಷ್ಯನ ಸ್ವಭಾವ. ಹೊರಗಿನವನನ್ನು ಬಿಟ್ಟು ಸ್ನೇಹಿತನ ಕಡೆ ತಿರುಗಿದರು.

"ಯಾರನ್ನ ಕೇಳಿ ಇಟ್ಟೆ ಅದನ್ನ ಬೆಂಚಿನ ಮೇಲೆ?"

"ಕೇಳಬೇಕಾಗಿಲ್ಲ ಅಂತ ನೀನೇ ಅಲ್ವಾ ಹೇಳಿದ್ದು?" ಎಂದರು ವಾಚಣ್ಣ, ಮೆತ್ತಗೆ. "ಬಗ್ಗಿದೆ ಅಷ್ಟೆ ತಾನೇ, ಸರಿ ಮಾಡಬಹುದು."

"ನಿಂಗೇನಪ್ಪ, ಏನು ಬೇಕಾದರೂ ಹೇಳ್ತೀಯ! ನೀನು ಮಾಡಿದ್ದು ಬೆರಳುದ್ದದ ತಗಡು. ಕೋಲು ನಂದು!"

ಎಲ್ಲರೂ ಕೇಳಿಸಿಕೊಂಡರು. ಡಾಕ್ಟರ ಬಾಯಲ್ಲಿದ್ದ ಬನ್ನು ಅಲ್ಲೇ ನಿಂತಿತು. ವಾಚಣ್ಣ ಕೋಪಿಸಿಕೊಂಡಿದ್ದರೆ ಒಳ್ಳೆಯದಿತ್ತು, ಜಗಳವಾದರೂ ಆಗಿ ಮುಗಿದುಹೋಗುತ್ತಿತ್ತು. ಅವರು ಕೋಪಿಸಿಕೊಳ್ಳಲಿಲ್ಲ. ಕೋಲನ್ನು ಕೈಗೆ ತೆಗೆದುಕೊಂಡು ಎಳೆದರು. ಟಪ್ ಎಂದಿತು. ಬಗ್ಗಿದ ತುದಿಯನ್ನು ಭಾವನ ಕೈಗೆ ಕೊಟ್ಟು, ಬುಡದ ತುಂಡನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡು, "ನನ್ನ ತಗಡಲ್ಲಿ ಅರ್ಧ ನಂಗಿರ್ಲಿ" ಎಂದು ಹೇಳಿ ಹೊರಟುಹೋದರು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಆ ಬಗ್ಗಿದ ತುದಿಯನ್ನು ಭಾವ ಮರುದಿನವೇ ದೀಪದ ಶಾಖಕ್ಕೆ ಹಿಡಿದು, ಒತ್ತಿ, ಚಹಾ ಆರುವಷ್ಟರಲ್ಲಿ ನೆಟ್ಟಗೆ ಮಾಡಿಬಿಟ್ಟರು. ಬಗ್ಗಿದ್ದ ಗುರುತೇ ಉಳಿಯಲಿಲ್ಲ. ಅಷ್ಟು ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ಮಾತಾಡಿದ್ದರು. ಅದು ಅವರಿಗೂ ಅವತ್ತೇ ಗೊತ್ತಾಯಿತು. ಗೊತ್ತಾದರೇನು? ಪಕ್ಕದ ಅಂಗಡಿಗೆ ಹೋಗಲು ಎದ್ದವರು ಬಾಗಿಲಲ್ಲಿ ನಿಂತು, ಕತ್ತು ಕೆರೆದುಕೊಂಡು, ವಾಪಸ್ಸು ಬಂದು ಕೂತರು. "ಹೋಗಿ ಒಂದು ಮಾತು ಹೇಳಿ ಬನ್ರೀ" ಎಂದು ಅಕ್ಕ ಗೋಗರೆದಳು. "ಅವನೇ ಬರಲಿ" ಎಂದರು. ಅತ್ತ ವಾಚಣ್ಣನ ಹೆಂಡತಿಯೂ ಗೋಗರೆದರಂತೆ, ಅಲ್ಲಿಯೂ ಅದೇ ಉತ್ತರವಂತೆ. ಸ್ವಲ್ಪ ದಿನಕ್ಕೆ ವಾಚಣ್ಣ ಆ ಗೂಡನ್ನು ಬಿಟ್ಟು ಮಾರ್ಕೆಟ್ಟಿನ ಆಚೆ ಬದಿಗೆ ಅಂಗಡಿ ಬದಲಾಯಿಸಿದರು. ಕೂಟ ನಿಂತುಹೋಯಿತು. ಎದುರಿಗೆ ಸಿಕ್ಕಿದರೆ ಇಬ್ಬರಲ್ಲಿ ಒಬ್ಬರು ರಸ್ತೆ ದಾಟುತ್ತಿದ್ದರು. ಒಂದು ಸಲ ಇಬ್ಬರೂ ಒಟ್ಟಿಗೇ ದಾಟಲು ಹೋಗಿ ರಸ್ತೆಯ ನಡುವೆ ಮುಖಾಮುಖಿಯಾದರಂತೆ. ಆಗಲೂ ಮಾತಿಲ್ಲ. ಇಂಥವರಿಗೆ ಏನೆನ್ನಬೇಕು?

ಆಮೇಲೆ ಶುರುವಾಯಿತು ಮಹಡಿಯ ಮೇಲೆ ನನಗೆ ಕೇಳುವ ಹೊಸ ಸದ್ದು. ಭಾನುವಾರ ಬೆಳಿಗ್ಗೆ, ಅವರ ಅಂಗಡಿಗೆ ರಜವಿದ್ದರೂ, ಕೆಳಗೆ ಸಣ್ಣಗೆ ಸಸ್ ಸಸ್ ಎಂದು ಉಜ್ಜುವ ಸದ್ದು. ಇಳಿದು ನೋಡಿದರೆ ಭಾವ ತಮ್ಮ ತುದಿಯ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಹಿತ್ತಾಳೆ ಬಿರಡೆಯನ್ನು ಎಮರಿ ಪೇಪರ್ ಎಂಬ ಉಪ್ಪುಕಾಗದದಿಂದ, ಆಮೇಲೆ ಬಟ್ಟೆಯಿಂದ ಉಜ್ಜುತ್ತಿದ್ದರು.

"ಏನ್ ಭಾವ, ಅರ್ಧ ಕೋಲಿಗೆ ಇಷ್ಟು ಉಪಚಾರ?"

"ಹಿತ್ತಾಳೆ ಕಿಲುಬು ಹಿಡಿಯುತ್ತೆ. ಅವನು ಯಾವಾಗಾದ್ರೂ ಅವನ ತುಂಡು ತಂದ್ರೆ ಸಲೀಸಾಗಿ ಕೂರಬೇಕಲ್ಲ."

ಹೀಗೆ ಉಜ್ಜಿದ್ದು ಒಂದು ವಾರವಲ್ಲ, ಒಂದು ವರ್ಷವಲ್ಲ. ಜ್ವರ ಬಂದಾಗಲೂ ಉಜ್ಜಿದರು. ಅಕ್ಕನೊಂದಿಗೆ ಮಾತು ಬಿಟ್ಟಾಗ ಇನ್ನೂ ಜಾಸ್ತಿ ಉಜ್ಜಿದರು. ಬಿರಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಮಾರ್ಕೆಟ್ಟಿನ ಆಚೆ ಬದಿಗೆ ನಡೆದು ಹೋದರೆ ಬೆವರೂ ಬರುವುದಿಲ್ಲ, ಅಷ್ಟು ಹತ್ತಿರ.

ಈ ವರ್ಷ ಅಕ್ಕ ತರಕಾರಿಯ ಜೊತೆ ಸುದ್ದಿಯನ್ನೂ ತಂದಳು. ವಾಚಣ್ಣನ ಹೆಂಡತಿ ಹೋದ ವರ್ಷ ತೀರಿಕೊಂಡಿದ್ದರು. ಈಗ ಅವರು ಅಂಗಡಿ ಮುಚ್ಚಿ, ದೂರದ ಊರಿನಲ್ಲಿರುವ ಮಗಳ ಮನೆಗೆ ಹೋಗಿಬಿಡುತ್ತಾರಂತೆ. ಈ ತಿಂಗಳ ಕೊನೆಗೆ.

ಭಾವ ಊಟದ ತಟ್ಟೆಯ ಮುಂದೆ ಕೂತಿದ್ದರು. ಕೈ ತೊಳೆದು ಎದ್ದು ಹೋದರು. ಮರುದಿನ ಬೆಳಿಗ್ಗೆ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದು, ಬಟನ್ ಡಬ್ಬಿಯೊಳಗೆ ಕೈಯಾಡಿಸುತ್ತ, "ಕೂಟ ಮಾಡೋಣ ಅಂತ" ಎಂದರು.

"ಯಾವ ಕೂಟ?"

"ಹಳೇದು. ಬರೋ ಭಾನುವಾರ. ಎಲ್ಲರನ್ನೂ ಕರೆಯೋದು."

"ಎಲ್ಲರನ್ನೂ ಅಂದ್ರೆ?"

"ಎಲ್ಲರನ್ನೂ ಅಂದ್ರೆ ಎಲ್ಲರನ್ನೂ. ನಿಂಗೆ ಕಿವಿ ಕೇಳಲ್ವಾ?"

ಆ ವಾರ ಭಾವ ಬಾಲ ಸುಟ್ಟ ಬೆಕ್ಕಿನಂತೆ ಓಡಾಡಿದರು. ಡಾಕ್ಟರಿಗೆ ಫೋನು, ಡ್ರೈವಿಂಗ್ ಮೇಡಂಗೆ ಫೋನು. ಹುಲ್ಲು ಕತ್ತರಿಸಿ ಕೊಡಿ ಎಂದು ಕೆರೆಯ ಕಾವಲುಗಾರನಿಗೆ ದುಂಬಾಲು. ಹಳೆಯ ಬೆಂಚಿನ ಮುರಿದ ಕಾಲಿಗೆ ತಾವೇ ಪಟ್ಟಿ ಹೊಡೆದರು. ಅರ್ಧದಷ್ಟು ಜನ ಈ ಹುಚ್ಚು ಬಿಟ್ಟಿದ್ದರು, ಒಬ್ಬರು ಕೋಲನ್ನು ಟೊಮೆಟೊ ಗಿಡಕ್ಕೆ ಆಸರೆ ಕೊಟ್ಟಿದ್ದರು. ಅವರಿಗೂ "ಅದನ್ನೇ ಕಿತ್ಕೊಂಡು ಬನ್ನಿ" ಎಂದರು. ಕರೆಯಬೇಕಾದ ಒಬ್ಬರಿಗೆ ಮಾತ್ರ ಕರೆ ಹೋಗಲಿಲ್ಲ. ಊರಿಗೆಲ್ಲ ಹೇಳಿದರೆ ಅವರ ಕಿವಿಗೂ ಬೀಳುತ್ತದೆ, ಬಿದ್ದರೆ ಬರುತ್ತಾರೆ ಎಂಬುದು ಇವರ ಲೆಕ್ಕಾಚಾರ.

"ಒಬ್ಬನನ್ನ ಕರೆಯೋಕೆ ಧೈರ್ಯ ಇಲ್ಲದೆ ಊರಿಗೆಲ್ಲ ಚಹಾ ಕುಡಿಸ್ತೀರಲ್ಲ ಭಾವ" ಎಂದೆ.

ಅವರು ಜಗಳಕ್ಕೆ ಬರಲಿಲ್ಲ. ಅದೇ ನನಗೆ ಭಯವಾದದ್ದು. "ನಾನು ಹೋಗಿ, ಅವನು ಬಾಗಿಲು ಹಾಕಿಬಿಟ್ರೆ?" ಎಂದರು. "ಇನ್ನೊಂದ್ಸಲ ಕೇಳೋಕೆ ದಿನ ಉಳಿದಿಲ್ಲ."

ಹಾಗಾಗಿ ನಾನೇ ಹೋದೆ. ನಿಂತುಹೋಗಿದ್ದ ನನ್ನ ಕೈಗಡಿಯಾರವನ್ನು ನೆಪಕ್ಕೆ ಕೈಯಲ್ಲಿ ಹಿಡಿದುಕೊಂಡಿದ್ದೆ. ವಾಚಣ್ಣನ ಅಂಗಡಿ ಅರ್ಧ ಖಾಲಿಯಾಗಿತ್ತು. ಗೋಡೆಯಲ್ಲಿ ಗಡಿಯಾರಗಳಿದ್ದ ಕಡೆ ಬಿಳಿಯ ದುಂಡು ಗುರುತುಗಳು. ಅವರ ಕಣ್ಣಲ್ಲಿ ಭೂತಗನ್ನಡಿ ಇರಲಿಲ್ಲ. ಅದಿಲ್ಲದೆ ಮುಖ ಬೋಳಾಗಿ, ವಯಸ್ಸಾದಂತೆ ಕಂಡಿತು.

"ಏನಮ್ಮಾ, ಅಪರೂಪ?"

"ಇದು ನಿಂತುಹೋಗಿದೆ ಅಣ್ಣ, ನೋಡ್ತೀರಾ?"

"ಈಗ ಕೆಲಸ ತಗೊಳ್ತಾ ಇಲ್ಲಮ್ಮ" ಎಂದರು. ಗಡಿಯಾರವನ್ನು ಮುಟ್ಟಲೂ ಇಲ್ಲ. ಕೈಗಳೆರಡೂ ಕೌಂಟರಿನ ಕೆಳಗೆ ಇದ್ದವು, ಹೊರಗೆ ಬರಲಿಲ್ಲ. ಸಿಟ್ಟಿರಬೇಕು ಎಂದುಕೊಂಡೆ.

ಇನ್ನು ಸುತ್ತಿ ಬಳಸುವುದೇಕೆ ಎಂದು ಹೇಳಿಬಿಟ್ಟೆ. "ಭಾನುವಾರ ಕೂಟ ಇದೆ. ಭಾವ ನಿಮಗೋಸ್ಕರನೇ ಮಾಡ್ತಿರೋದು. ಬಾಯಿ ಬಿಟ್ಟು ಹೇಳೋಕೆ ಅವರಿಗೆ ಬರಲ್ಲ. ನಿಮ್ಮ ತುಂಡು ತಗೊಂಡು ಬನ್ನಿ ಅಣ್ಣ."

ಅವರು ತುಂಬ ಹೊತ್ತು ಆ ಬಿಳಿ ಗುರುತುಗಳನ್ನು ನೋಡಿದರು. "ಎಲ್ಲಿದೆಯೋ ಅದು. ಹುಡುಕಬೇಕು" ಎಂದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ.

ಭಾನುವಾರ ಹುಲ್ಲಿನ ಮೇಲೆ ಏಳೆಂಟು ಜನ ಸೇರಿದರು. ಡಾಕ್ಟರ ತಲೆಕೂದಲು ಹೋಗಿತ್ತು, ಬಾಯಿ ಮಾತ್ರ ಹಾಗೇ ಇತ್ತು. ಡ್ರೈವಿಂಗ್ ಮೇಡಂ ಟೊಮೆಟೊ ಗಿಡದಿಂದ ಬಂದ ಕೋಲನ್ನು ಬೀಸಿ, "ಇನ್ನೂ ಹಣ್ಣಿನ ವಾಸನೆ ಬರ್ತಿದೆ" ಎಂದು ಎಲ್ಲರನ್ನೂ ನಗಿಸಿದರು. ಭಾವ ನಗಲಿಲ್ಲ. ತಮ್ಮ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಯಾರು ಮಾತಾಡಿಸಿದರೂ ಹೂಂ ಎನ್ನುತ್ತ, ರಸ್ತೆಯ ಕಡೆಗೇ ನೋಡುತ್ತ ನಿಂತಿದ್ದರು. ಅಕ್ಕ ಮೊಟ್ಟೆಯ ಸಿಪ್ಪೆ ಸುಲಿಯುತ್ತ, "ಹೆಣ್ಣು ನೋಡೋಕೆ ಬರೋರನ್ನ ಕಾಯ್ದ ಹಾಗೆ ಕಾಯ್ತಿದ್ದಾರೆ" ಎಂದು ನನ್ನ ಕಿವಿಯಲ್ಲಿ ಉಸುರಿದಳು. ಹೇಳಿದವಳ ಕಣ್ಣಲ್ಲೇ ನೀರಿತ್ತು.

ಬನ್ನುಗಳು ಮುಗಿಯುತ್ತ ಬಂದಾಗ ವಾಚಣ್ಣ ಬಂದರು. ಹಳೆಯ ಕೊಡೆಯ ಕವರಿನಲ್ಲಿ ಉದ್ದನೆಯದೇನನ್ನೋ ಹಿಡಿದಿದ್ದರು. ಇಬ್ಬರೂ ಎದುರುಬದುರು ನಿಂತರು. ಈ ಸಲ ದಾಟಲು ರಸ್ತೆ ಇರಲಿಲ್ಲ.

"ಬಂದ್ಯಾ?" ಎಂದರು ಭಾವ.

"ಬಂದೆ."

ಇಷ್ಟಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ನನಗೆ ಚಹಾದ ಪಾತ್ರೆಯನ್ನು ಎತ್ತಿ ನೆಲಕ್ಕೆ ಕುಕ್ಕುವಷ್ಟು ಸಿಟ್ಟು ಬಂತು. ಸಂತೋಷವೂ ಬಂತು.

ವಾಚಣ್ಣ ಕವರಿನಿಂದ ಬುಡದ ತುಂಡನ್ನು ಹೊರತೆಗೆದರು. ಅಟ್ಟದ ಧೂಳು ಇನ್ನೂ ಹೋಗಿರಲಿಲ್ಲ. ಹಿತ್ತಾಳೆಯ ಕೊಳವೆ ಹಸಿರು ಕಿಲುಬು ಹಿಡಿದಿತ್ತು. "ಅಟ್ಟಕ್ಕೆ ಹಾಕಿದವನು ಮತ್ತೆ ಮುಟ್ಟಿರಲಿಲ್ಲ ನೋಡು" ಎಂದು ಸಂಕೋಚದಿಂದ ಹೇಳಿ, ಅಂಗಿಯ ತುದಿಯಿಂದ ಕೊಳವೆಯ ಬಾಯನ್ನು ಒರೆಸಿದರು. ಭಾವ ಬಟ್ಟೆ ಬಿಚ್ಚಿದರು. ಬಿಸಿಲಿಗೆ ಬಿರಡೆ ಫಳ್ಳನೆ ಹೊಳೆಯಿತು. ಭಾವನ ಮುಖದಲ್ಲಿ ಹೆಮ್ಮೆ. ನೋಡು, ನಾನು ಹೇಗೆ ಕಾಪಾಡಿದ್ದೇನೆ ಎಂಬ ಹೆಮ್ಮೆ. ಬಿರಡೆಯನ್ನು ಕೊಳವೆಗೆ ಇಟ್ಟರು.

ಅದು ಜಾರಿ ಒಳಗೆ ಹೋಯಿತು. ಒತ್ತಬೇಕಾಗಲೇ ಇಲ್ಲ. ಕೋಲನ್ನು ಸ್ವಲ್ಪ ಓರೆ ಮಾಡಿದಾಗ ತಾನಾಗಿಯೇ ಜಾರಿ ಹೊರಗೆ ಬಂದು ಹುಲ್ಲಿನ ಮೇಲೆ ಬಿತ್ತು. ಟಪ್ ಎನ್ನಲಿಲ್ಲ, ಏನೂ ಅನ್ನಲಿಲ್ಲ. ಭಾವ ಮತ್ತೆ ಇಟ್ಟರು. ಮತ್ತೆ ಬಿತ್ತು. ಮೂರನೆಯ ಸಲ ಇಡಲು ಹೋದವರ ಕೈಯನ್ನು ವಾಚಣ್ಣ ತಡೆದು, ತುಂಡನ್ನು ತೆಗೆದುಕೊಂಡು, ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿ ನೋಡಿದರು.

"ಏನು ಮಾಡಿದೆ ಇದಕ್ಕೆ?"

"ಏನೂ ಮಾಡಿಲ್ಲ. ಉಜ್ಜಿ ಇಟ್ಟಿದ್ದೆ ಅಷ್ಟೆ. ಕಿಲುಬು ಹಿಡೀಬಾರದು ಅಂತ."

"ಯಾವುದರಲ್ಲಿ?"

"ಎಮರಿ ಪೇಪರ್. ಸಣ್ಣದು. ಪ್ರತಿ ಭಾನುವಾರ."

ವಾಚಣ್ಣ ಭೂತಗನ್ನಡಿ ತೆಗೆದರು. "ಕಿಲುಬು ಹಿಡಿದ್ರೆ ಒಂದು ಸಲ ಒರೆಸಿದ್ರೆ ಹೋಗ್ತಿತ್ತು ಕಣೋ. ಇದು ಸವೆದು ಹೋಗಿದೆ. ಸುಮ್ನೆ ಬಿಟ್ಟಿದ್ರೆ ಹಾಗೇ ಇರ್ತಿತ್ತು." ತುಂಡನ್ನು ಭಾವನ ಕೈಗೆ ಕೊಡುತ್ತ ಕೇಳಿದರು. "ಇದನ್ನ ಉಜ್ಜೋ ಬದಲು, ಒಂದು ಭಾನುವಾರ ಬಂದು ನನ್ನ ಬಾಗಿಲು ತಟ್ಟಬಾರದಾಗಿತ್ತಾ?"

ಭಾವ ತುಂಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದರು.

ಡ್ರೈವಿಂಗ್ ಮೇಡಂ ಪಾಪ, ಸಮಾಧಾನ ಮಾಡಲು ಹೋದರು. "ಅದಕ್ಕೇನಂತೆ, ಇನ್ನೊಂದು ಬಿರಡೆ ಮಾಡಿ ಕೊಡಿ. ನಿಮಗೇನು ಕಷ್ಟ?"

ವಾಚಣ್ಣ ತಮ್ಮ ಬಲಗೈಯನ್ನು ಮುಂದೆ ಚಾಚಿದರು. ಅದು ನಡುಗುತ್ತಿತ್ತು. ಎಡಗೈಯಿಂದ ಹಿಡಿದುಕೊಂಡರೆ ಎರಡೂ ನಡುಗಿದವು. ಅವತ್ತು ಕೌಂಟರಿನ ಕೆಳಗೆ ಕೈ ಇಟ್ಟುಕೊಂಡದ್ದು ಸಿಟ್ಟಿಗಲ್ಲ ಎಂದು ನನಗೆ ಆಗ ತಿಳಿಯಿತು. "ಒಂದೆರಡು ವರ್ಷದ ಹಿಂದೆ ಬಂದಿದ್ರೂ ಮಾಡಿ ಕೊಡ್ತಿದ್ದೆ" ಎಂದರು. ಯಾರನ್ನೂ ನೋಡಿ ಹೇಳಲಿಲ್ಲ.

ಹೊಲಿಗೆ ದಾರಕ್ಕೆ ಹಚ್ಚುವ ಜೇನುಮೇಣದ ಉಂಡೆ ನನ್ನ ಚೀಲದಲ್ಲಿ ಸದಾ ಇರುತ್ತದೆ. ಕೊಟ್ಟೆ. ವಾಚಣ್ಣ ಹೇಳಿದ ಹಾಗೆ ಭಾವ ಬಿರಡೆಗೆ ಮೇಣ ಮೆತ್ತಿ ಕೊಳವೆಗೆ ತುರುಕಿದರು. ಈ ಸಲ ನಿಂತಿತು. "ನೀನು ಬೀಸು" ಎಂದು ಭಾವ, "ನೀನೇ ಬೀಸು" ಎಂದು ವಾಚಣ್ಣ. ಕೊನೆಗೆ ವಾಚಣ್ಣನ ನಡುಗುವ ಕೈಯ ಮೇಲೆ ಭಾವ ತಮ್ಮ ಕೈ ಇಟ್ಟು ಹಿಡಿದರು. ಒಂದು ಸಲ ಬೀಸಿದರು. ದಾರ ಹಿಂದಕ್ಕೆ ಹೋಗಿ, ನೀಳವಾಗಿ ಬಿಚ್ಚಿಕೊಂಡು, ಮುಂದಕ್ಕೆ ಬಂದು ಉಣ್ಣೆಯ ಚೂರು ಹುಲ್ಲಿನ ಮೇಲೆ ಸದ್ದಿಲ್ಲದೆ ಇಳಿಯಿತು. ಅರ್ಥವಾಗದ ನನಗೂ ಅವತ್ತು ಏನೋ ಅರ್ಥವಾದಂತೆ ಆಯಿತು. ಎರಡನೆಯ ಸಲ ಬೀಸಿದಾಗ ಮೇಣ ಬಿಟ್ಟುಕೊಂಡಿತು. ತುದಿಯ ತುಂಡು ದಾರದೊಂದಿಗೇ ಹಾರಿ ಹೋಗಿ ದೂರ ಬಿತ್ತು. ಡಾಕ್ಟರು ನಗಲು ಬಾಯಿ ತೆರೆದವರು ಹಾಗೇ ಮುಚ್ಚಿದರು.

ಭಾವ ನಡೆದು ಹೋಗಿ ಅದನ್ನು ಎತ್ತಿಕೊಂಡು ಬಂದರು. ಮುರಿದಿರಲಿಲ್ಲ, ಬಗ್ಗಿಯೂ ಇರಲಿಲ್ಲ. ಹುಲ್ಲಿನ ಚೂರು ಅಂಟಿತ್ತು, ಒರೆಸಿದರು.

"ಅವತ್ತು ನಾನು ಹಾಗನ್ನಬಾರದಾಗಿತ್ತು" ಎಂದರು.

"ಯಾವತ್ತು?" ಎಂದರು ವಾಚಣ್ಣ. ಮರೆತಿರಲಿಲ್ಲ, ಮರೆತವರ ಹಾಗೆ ಕೇಳಿದರು. ಅವರು ಅಂಥವರು.

ವಾಚಣ್ಣನನ್ನು ಕರೆದೊಯ್ಯಲು ಬಾಡಿಗೆ ಕಾರು ಬಂದು ಹಾರ್ನ್ ಮಾಡಿತು. ವಾಚಣ್ಣ ಬುಡದ ತುಂಡನ್ನು ಭಾವನ ಕೈಗೆ ಕೊಡಲು ಹೋದರು. "ಇದೂ ನಿನ್ನ ಹತ್ರಾನೇ ಇರ್ಲಿ. ಮಗಳ ಮನೇಲಿ ಇದನ್ನ ಎಲ್ಲಿ ಇಡಲಿ?"

"ಬೇಡ. ಎರಡೂ ನನ್ನ ಹತ್ರಾನೇ ಇದ್ರೆ ನೀನು ಮತ್ತೆ ಬರೋದಕ್ಕೆ ನೆಪ ಏನಿರುತ್ತೆ?"

ವಾಚಣ್ಣ ನಕ್ಕರು. "ಇಷ್ಟು ವರ್ಷ ಒಂದೊಂದು ಇತ್ತಲ್ಲ. ಬಂದ್ವಾ ನಾವು?"

ಭಾವ ತಮ್ಮ ತುದಿಯ ತುಂಡನ್ನು ಬಟ್ಟೆಯಲ್ಲಿ ಸುತ್ತಿ, ಅದನ್ನೇ ವಾಚಣ್ಣನ ಕೊಡೆಯ ಕವರಿನೊಳಗೆ ಇಳಿಸಿದರು. "ಹಾಗಾದ್ರೆ ನಂದು ನೀನು ತಗೊಂಡು ಹೋಗು. ನಿಂದು ಇಲ್ಲಿರ್ಲಿ."

"ಉಜ್ಜಬೇಡ" ಎಂದರು ವಾಚಣ್ಣ, ಕಾರಿನೊಳಗಿನಿಂದ.

"ಇಲ್ಲ" ಎಂದರು ಭಾವ.

ಈಗ ಬುಡದ ತುಂಡು ಭಾವನ ಅಂಗಡಿಯಲ್ಲಿ, ಖಾಲಿ ಫ್ರೇಮುಗಳ ನಡುವೆ ಎರಡು ಮೊಳೆಗಳ ಮೇಲಿದೆ. ಕೊಳವೆ ಹಸಿರಾಗಿಯೇ ಇದೆ. ಧೂಳು ಒ‌ರೆಸಲು ನಾನು ಬಟ್ಟೆ ಎತ್ತಿದರೂ "ಮುಟ್ಟಬೇಡ" ಎಂದು ಗದರುತ್ತಾರೆ. ಭಾನುವಾರ ಬೆಳಿಗ್ಗೆ ಕೆಳಗೆ ಉಜ್ಜುವ ಸದ್ದಿಲ್ಲ, ಫೋನಿನ ಮಾತು ಕೇಳುತ್ತದೆ. ಊಟ ಆಯ್ತಾ? ಆಯ್ತು. ಮೊಮ್ಮಗು ಹೇಗಿದೆ? ಚೆನ್ನಾಗಿದೆ. ಕೈ? ಹಾಗೇ ಇದೆ. ಆಮೇಲೆ ಇಬ್ಬರಿಗೂ ಮಾತು ಸಿಗುವುದಿಲ್ಲ. ಆಡಬೇಕಾಗಿದ್ದ ಮಾತುಗಳ ಕಾಲ ಎಂದೋ ಕಳೆದುಹೋಗಿದೆ. ಆದರೂ ಫೋನ್ ಇಡುವುದಿಲ್ಲ, ಕಿವಿಗೆ ಒತ್ತಿಕೊಂಡು ಸುಮ್ಮನೆ ಕೂತಿರುತ್ತಾರೆ. ಕೊನೆಗೆ ಇಟ್ಟ ಮೇಲೆ ಅವರ ಕೈ ತಾನಾಗಿಯೇ ಮೇಜಿನ ಡ್ರಾಯರನ್ನು ಎಳೆಯುವ ಸದ್ದು ನನಗೆ ಕೇಳುತ್ತದೆ. ಎಮರಿ ಪೇಪರ್ ಇರುತ್ತಿದ್ದ ಡ್ರಾಯರ್ ಅದು. ಆ ಪೇಪರನ್ನು ಅಕ್ಕ ಕೂಟದ ಮರುದಿನವೇ ಎಸೆದಿದ್ದಾಳೆ. ಸ್ವಲ್ಪ ಹೊತ್ತಿಗೆ ಡ್ರಾಯರ್ ಮುಚ್ಚುತ್ತದೆ.